ತನ್ನ ಕಲೆಯನ್ನು ತಾನು ನೋಡುವಂತಿಲ್ಲ

ಮೂಡುಬಿದಿರೆ
8 ಜುಲೈ 2024

ಮಾನ್ಯ ಶೀನಪ್ಪ ಅವರಿಗೆ,

ನಮಸ್ಕಾರ. ನನ್ನ ಹೆಸರು ಶಬ್ನಾ. ಇಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಿಮ್ಮ ವಿಳಾಸ ಕೊಟ್ಟವರು ನಿಮ್ಮ ಜೊತೆ ಆರೋಗ್ಯ ಇಲಾಖೆಯಲ್ಲಿದ್ದ ಬದ್ರುದ್ದೀನ್ ಸರ್. ಫೋನು ಮಾಡಬೇಡಿ, ಶೀನಪ್ಪನಿಗೆ ಕಿವಿ ಸರಿ ಕೇಳುವುದಿಲ್ಲ, ಕಾಗದ ಬರೆದರೆ ಖಂಡಿತ ಉತ್ತರ ಕೊಡುತ್ತಾನೆ ಎಂದು ಅವರು ಹೇಳಿದರು.

ನನ್ನ ಸಂಶೋಧನೆಯ ವಿಷಯ ಕೇಳಿದರೆ ನೀವು ನಗಬಹುದು. ಪ್ರಾಚೀನ ಇಸ್ರಾಯೇಲಿನಲ್ಲಿ ಯಾರ ಮೈಮೇಲಾದರೂ ಕಲೆ ಎದ್ದರೆ ಅವರು ವೈದ್ಯರ ಹತ್ತಿರ ಹೋಗುತ್ತಿರಲಿಲ್ಲ. ಯಾಜಕರ, ಅಂದರೆ ಅವರ ದೇವರ ಪೂಜೆ ಮಾಡುವವರ ಮುಂದೆ ನಿಲ್ಲಬೇಕಿತ್ತು. ಯಾಜಕ ಕಲೆಯನ್ನು ನೋಡುತ್ತಾನೆ. ಅದು ಚರ್ಮಕ್ಕಿಂತ ಆಳಕ್ಕೆ ಹೋಗಿದೆಯೇ, ಅದರೊಳಗಿನ ಕೂದಲು ಬೆಳ್ಳಗಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಅನುಮಾನವಿದ್ದರೆ ಏಳು ದಿನ ಬೇರೆ ಇರಿಸಿ ಮತ್ತೆ ನೋಡುತ್ತಾನೆ. ಕೊನೆಗೆ ಶುದ್ಧ ಅಥವಾ ಅಶುದ್ಧ ಎಂದು ಹೇಳುತ್ತಾನೆ. ಅಶುದ್ಧ ಎಂದರೆ ಆ ಮನುಷ್ಯ ಬಟ್ಟೆ ಹರಿದುಕೊಂಡು, ಜನರೆಲ್ಲ ವಾಸಿಸುವ ಶಿಬಿರದ ಹೊರಗೆ ಒಬ್ಬನೇ ಇರಬೇಕು. ಯಾಜಕನ ಹತ್ತಿರ ಮದ್ದಿಲ್ಲ, ಆ ಒಂದು ಮಾತು ಮಾತ್ರ ಇರುವುದು. ಆ ಕಲೆಯ ರೋಗ ಈಗಿನ ಕುಷ್ಠವೇ ಅಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಬಟ್ಟೆಗೂ ಮನೆಯ ಗೋಡೆಗೂ ಅದು ಬರುತ್ತಿತ್ತಂತೆ.

ಪುಸ್ತಕಗಳಿಂದ ಇಷ್ಟು ಸಿಕ್ಕಿತು. ಕಲೆ ನೋಡುವವನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಮಾತ್ರ ಯಾರೂ ಬರೆದಿಡಲಿಲ್ಲ. ನೀವು ಮೂವತ್ತು ವರ್ಷ ಮನೆಮನೆಗೆ ಹೋಗಿ ಕುಷ್ಠದ ಕಲೆ ನೋಡಿದವರು. ನಿಮ್ಮ ಅನುಭವ ಬರೆದು ಕಳಿಸಿದರೆ ಬಹಳ ಉಪಕಾರವಾಗುತ್ತದೆ.

ಇತಿ,
ಶಬ್ನಾ


ಲಾಯಿಲ, ಬೆಳ್ತಂಗಡಿ
19 ಜುಲೈ 2024

ಶಬ್ನಾ ಟೀಚರಿಗೆ ಶೀನಪ್ಪನ ನಮಸ್ಕಾರ.

ಬದ್ರುದ್ದೀನ್ ನನ್ನ ಕಿವಿಯ ಬಗ್ಗೆ ಹೇಳಿದ್ದು ಶುದ್ಧ ಸುಳ್ಳು. ಕಿವಿ ಸರಿಯೇ ಉಂಟು. ಅವನ ಮಾತು ಕೇಳಲಿಕ್ಕೆ ನನಗೆ ಮನಸ್ಸಿಲ್ಲ, ಅಷ್ಟೆ. ಹೇಗೂ ಕಾಗದ ಬರೆದದ್ದು ಒಳ್ಳೆಯದಾಯಿತು. ಪೋಸ್ಟ್‌ಮ್ಯಾನ್ ನಮ್ಮ ಮನೆಯ ದಾರಿಯೇ ಮರೆತಿದ್ದ.

ಗೋಡೆಗೂ ಆ ರೋಗ ಬರುತ್ತಿತ್ತು ಎಂದು ಬರೆದಿದ್ದೀರಿ. ಹಾಗಾದರೆ ಈ ಆಟಿ ತಿಂಗಳ ಮಳೆಯಲ್ಲಿ ಲಾಯಿಲದ ಒಂದು ಗೋಡೆಯೂ ಶುದ್ಧ ಇಲ್ಲ. ನಿಮ್ಮ ಯಾಜಕರನ್ನು ಇಲ್ಲಿಗೆ ಕಳಿಸಿದರೆ ಅವರಿಗೆ ಉಣ್ಣಲಿಕ್ಕೂ ಪುರುಸೊತ್ತು ಸಿಗಲಿಕ್ಕಿಲ್ಲ.

ನನ್ನನ್ನು ಮಾತ್ರ ಯಾಜಕ ಮಾಡಬೇಡಿ. ನಾನು ಸರಕಾರದ ಚಾಕರಿಯವ. ಚಾರ್ಮಾಡಿಯಿಂದ ವಿಟ್ಲದವರೆಗೆ ಜನ ನನ್ನನ್ನು ಕಲೆ ನೋಡುವ ಶೀನಪ್ಪ ಎಂದೇ ಕರೆದದ್ದು. ಚೀಲದಲ್ಲಿ ಸ್ವಲ್ಪ ಹತ್ತಿ, ಒಂದು ಬಾಲ್‌ಪೆನ್ನು, ಮಾತ್ರೆಯ ಪಟ್ಟಿಗಳು. ಜನರನ್ನು ಹಗಲಿನ ಬೆಳಕಿಗೆ ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಅಲ್ಲಿ ಇಲ್ಲಿ ಮುಟ್ಟುವುದು. ಮುಟ್ಟಿದ ಜಾಗಕ್ಕೆ ಅವರು ಬೆರಳಿಡಬೇಕು. ಕುಷ್ಠದ ಕಲೆಗೆ ಸ್ಪರ್ಶ ಗೊತ್ತಾಗುವುದಿಲ್ಲ, ಅದರ ಮೇಲೆ ಮುಟ್ಟಿದಾಗ ಬೆರಳು ಏಳುವುದಿಲ್ಲ. ಕಣ್ಣು ಮುಚ್ಚಿಕೊಂಡು, ಇವ ಯಾಕೆ ಇನ್ನೂ ಮುಟ್ಟಲಿಲ್ಲ ಎಂದು ಕಾಯುತ್ತಾ ಕೂತಿರ್ತಾರೆ. ನನಗೆ ಗೊತ್ತಾಗಿರ್ತದೆ, ಅವರಿಗೆ ಇನ್ನೂ ಗೊತ್ತಿರುವುದಿಲ್ಲ. ಮನಸ್ಸಿನಲ್ಲಿ ಏನಾಗ್ತದೆ ಎಂದು ಕೇಳಿದಿರಲ್ಲ ಟೀಚರೇ, ಆ ಅರ್ಧ ನಿಮಿಷ ತುಂಬ ಕಷ್ಟ. ಎಷ್ಟು ವರ್ಷ ಮಾಡಿದರೂ ಅಭ್ಯಾಸ ಆಗಲಿಲ್ಲ.

ನಾನು ಹೋಗುವ ಮೊದಲೇ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಕೇಳಿ, ನಾಗನ ದೋಷ ಎಂದು ತಂಬಿಲದ ಪೂಜೆ ಕೊಟ್ಟಾಗಿರ್ತಿತ್ತು. ನಿಮ್ಮವರ ಮನೆಗಳಲ್ಲಿ ಉಸ್ತಾದರು ಓದಿ ಊದಿದ ನೀರು. ನಾನು ಯಾವುದನ್ನೂ ಬೇಡ ಎನ್ನಲಿಲ್ಲ. ಅದನ್ನೂ ಮಾಡಿ, ಈ ಮಾತ್ರೆಯನ್ನೂ ತಿನ್ನಿ ಎಂದೆ. ಹೆದರಲಿಕ್ಕೆ ಏನೂ ಇಲ್ಲ ಎಂದು ಸಾವಿರ ಸಲ ಹೇಳಿರಬಹುದು.

ನಿಜವಾದ ಕತೆ ಬೇಕಾದರೆ ವಿಟ್ಲದ ಮೂಸಬ್ಬ ಬ್ಯಾರಿಯವರನ್ನು ಕಾಣಿ. ಟೈಲರಾಗಿದ್ದವರು. ರೋಗ ಗುಣವಾಗಿ ಎಷ್ಟೋ ಕಾಲವಾಯಿತು. ಬಲಗೈಯ ಎರಡು ಬೆರಳು ಮಾತ್ರ ಮಡಚಿಯೇ ಉಳಿದಿದೆ. ನನ್ನ ಹೆಸರು ಹೇಳಿದರೆ ಮಾತಾಡ್ತಾರೆ.

ಒಂದು ಕೇಳಲಿಕ್ಕುಂಟು. ನನ್ನ ಪರಿಚಯದವ ಒಬ್ಬ, ನಮ್ಮ ಇಲಾಖೆಯಿಂದಲೇ ನಿವೃತ್ತಿಯಾದವ. ಅವನ ಮೊಣಕೈಯ ಹಿಂದೆ ಒಂದು ಕಲೆ ಎದ್ದಿದೆ. ಬಿಸಿ ಪಾತ್ರೆ ತಾಗಿ ಗುಳ್ಳೆ ಬಂದರೂ ಅವನಿಗೆ ಗೊತ್ತಾಗಲಿಲ್ಲ. ಅದು ಏನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆಸ್ಪತ್ರೆಗೆ ಹೋಗುವುದಿಲ್ಲ, ಇವತ್ತು ನಾಳೆ ಎನ್ನುತ್ತಾನೆ. ನಿಮ್ಮ ಯಾಜಕನಿಗೇ ಕಲೆ ಬಂದರೆ ಯಾರು ನೋಡುತ್ತಿದ್ದರು? ಸುಮ್ಮನೆ ಕೇಳಿದೆ.

ಶೀನಪ್ಪ


ಮೂಡುಬಿದಿರೆ
2 ಸೆಪ್ಟೆಂಬರ್ 2024

ಪ್ರೀತಿಯ ಶೀನಪ್ಪಣ್ಣನವರಿಗೆ,

ಹೀಗೆ ಕರೆಯಬಹುದಲ್ಲ? ವಿಟ್ಲದಲ್ಲಿ ಎಲ್ಲರೂ ಹಾಗೇ ಕರೆಯುವುದು ಕೇಳಿ ಬಂದೆ.

ಮೊದಲು ನಿಮ್ಮ ಪ್ರಶ್ನೆ. ಉತ್ತರ ಹುಡುಕಲು ಎರಡು ವಾರ ಹಿಡಿಯಿತು. ಹಳೆಯ ಶಾಸ್ತ್ರದಲ್ಲಿ ಅದಿಲ್ಲ, ಅವರ ಮುಂದಿನ ಕಾಲದ ಪಂಡಿತರು ಚರ್ಚಿಸಿದ್ದಾರೆ. ಯಾರ ಕಲೆಯನ್ನಾದರೂ ನೋಡಬಹುದು, ತನ್ನ ಕಲೆಯನ್ನು ಮಾತ್ರ ತಾನು ನೋಡುವಂತಿಲ್ಲ. ತನ್ನ ಬಂಧುಗಳದ್ದೂ ಕೂಡದು ಎಂದು ಒಬ್ಬ ಪಂಡಿತರ ಮತ. ಹಾಗಾಗಿ ಯಾಜಕನಾದರೂ ಇನ್ನೊಬ್ಬ ಯಾಜಕನ ಮುಂದೆ ಎಲ್ಲರ ಹಾಗೆ ನಿಲ್ಲಬೇಕು. ನಿಮ್ಮ ಪರಿಚಯದವರಿಗೆ ಇದನ್ನು ಹೇಳಿ. ಊರಿಗೆಲ್ಲ ಧೈರ್ಯ ಹೇಳಿದವರು ತಾವೇ ಅಡಗಿ ಕೂತದ್ದು ಕೇಳಿ ನನಗೆ ಸ್ವಲ್ಪ ಸಿಟ್ಟೇ ಬಂತು. ನೀವಾಗಿದ್ದರೆ ಮರುದಿನವೇ ಹೋಗಿ ತೋರಿಸುತ್ತಿದ್ದಿರಿ.

ಮೂಸಬ್ಬಾಕನ ಮನೆಗೆ ಎರಡು ಸಲ ಹೋದೆ. ಅವರ ಹೆಂಡತಿ ಪಾತುಮ್ಮ ನನಗೆ ಪತ್ತಿರಿ ರೊಟ್ಟಿ ತಿನ್ನಿಸದೆ ಬಿಡಲಿಲ್ಲ. 1991ರಲ್ಲಿ ರೋಗ ಗೊತ್ತಾದಾಗ ಅವರನ್ನು ಅಣ್ಣನ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಇರಿಸಿದ್ದರಂತೆ. ಊಟ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ನೀವು ಬಂದಿರಿ, ಅವರ ಬೆಂಚಿನಲ್ಲೇ ಕೂತಿರಿ, ಕೈ ಹಿಡಿದು ನೋಡಿದಿರಿ. ಅಷ್ಟನ್ನು ಬೇರೆ ಸರಕಾರಿಯವರೂ ಮಾಡಿದ್ದರಂತೆ. ಆಮೇಲೆ ನೀವು ಪಾತುಮ್ಮನ ಹತ್ತಿರ ಒಂದು ಚಾ ಸಿಗ್ತದಾ ಎಂದು ಕೇಳಿದಿರಿ. ಅವರು ಬೇರೆ ಗ್ಲಾಸು ಹುಡುಕಲು ಹೊರಟಾಗ, ಮೂಸಬ್ಬ ಕುಡಿಯುವ ಗ್ಲಾಸಿನಲ್ಲೇ ಕೊಡಿ ಎಂದಿರಿ. ಅಣ್ಣನ ಮನೆಯವರೆಲ್ಲ ಅಂಗಳದಲ್ಲಿ ನಿಂತು ನೋಡುತ್ತಿದ್ದರಂತೆ. ಅದೇ ಸಂಜೆ ಅಣ್ಣ ಅವರನ್ನು ಮನೆಯೊಳಗೆ ಕರೆದರು.

ಇದನ್ನು ಹೇಳುವಾಗ ಪಾತುಮ್ಮ ಅತ್ತರು. ನಾನೂ ಅತ್ತೆ, ಅದನ್ನು ಬರೆಯಲು ನಾಚಿಕೆ ಏನಿಲ್ಲ.

ಗುಣವಾದವನನ್ನು ನೋಡಲು ಯಾಜಕನೇ ಶಿಬಿರದ ಹೊರಗೆ ಹೋಗಬೇಕು ಎಂಬ ನಿಯಮ ಆ ಶಾಸ್ತ್ರದಲ್ಲಿದೆ. ನೀವು ರೋಗಿ ಗುಣವಾಗುವ ಮೊದಲೇ ಹೋದವರು. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಆ ಚಾ. ಡಿಸೆಂಬರಿನಲ್ಲಿ ಕಾಲೇಜಿನಲ್ಲಿ ನನ್ನ ಉಪನ್ಯಾಸವೂ ಇದೆ. ಅಲ್ಲಿ ನಿಮ್ಮ ಹೆಸರು ಹೇಳಿ ಇದನ್ನು ಹೇಳುತ್ತೇನೆ. ನೀವೂ ಬರಬೇಕು.

ನಿಮ್ಮ,
ಶಬ್ನಾ


ಲಾಯಿಲ
25 ನವೆಂಬರ್ 2024

ಟೀಚರಿಗೆ,

ಉತ್ತರ ತಡವಾಯಿತು. ಕೆಲಸವಿತ್ತು.

ಚಾದ ವಿಷಯ ಪ್ರಬಂಧದಲ್ಲಿ ಹಾಕಬೇಡಿ. ಉಪನ್ಯಾಸದಲ್ಲಿ ನನ್ನ ಹೆಸರು ಹೇಳಬೇಡಿ. ನಾನು ಬರುವುದಿಲ್ಲ. ಹಳೆಯ ಸಂಗತಿ, ಅದನ್ನು ಈಗ ನಾಲ್ಕು ಜನರ ಮುಂದೆ ಇಡುವುದು ಬೇಡ.

ಶೀನಪ್ಪ


ಮೂಡುಬಿದಿರೆ
30 ನವೆಂಬರ್ 2024

ಮಾನ್ಯ ಶೀನಪ್ಪ ಅವರಿಗೆ,

ಸುಮಾರು ಮೂರು ತಿಂಗಳು ಕಾದ ಮೇಲೆ ನಾಲ್ಕು ಗೆರೆಯ ಕಾಗದ ಬಂತು. ನಿಮ್ಮ ಇಚ್ಛೆಯಂತೆ ಉಪನ್ಯಾಸದಿಂದ ಅದನ್ನು ತೆಗೆದಿದ್ದೇನೆ.

ಆದರೆ ಮನಸ್ಸಿನಲ್ಲಿಟ್ಟುಕೊಳ್ಳಲು ನನ್ನಿಂದಾಗುವುದಿಲ್ಲ, ಕೇಳಿಯೇ ಬಿಡುತ್ತೇನೆ. ಯಾರು ಯಾರ ಅಂಗಡಿಗೆ ಹೋದರು, ಯಾರು ಯಾರ ಮನೆಯಲ್ಲಿ ಏನು ಕುಡಿದರು ಎಂದು ಲೆಕ್ಕ ಕೇಳುವವರು ಈಗ ಎಲ್ಲ ಊರಿನಲ್ಲೂ ಇದ್ದಾರೆ. ನಿಮ್ಮ ಊರಿನಲ್ಲೂ ಇರಬಹುದು. ಮುಸ್ಲಿಮರಾದ ಬ್ಯಾರಿಗಳ ಮನೆಯ ಗ್ಲಾಸಿನಲ್ಲಿ ಚಾ ಕುಡಿದದ್ದು ನಾಲ್ಕು ಜನರಿಗೆ ಗೊತ್ತಾಗುವುದು ನಿಮಗೆ ಬೇಡವಾಗಿದ್ದರೆ ಹಾಗೆಂದು ನೇರ ಹೇಳಬಹುದಿತ್ತು. 1991ರಲ್ಲಿ ಇದ್ದ ಧೈರ್ಯ ಈಗ ಇಲ್ಲ ಎಂದರೆ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಆದರೆ ಪಾತುಮ್ಮ ಆ ಗ್ಲಾಸನ್ನು ಇವತ್ತಿಗೂ ಇಟ್ಟುಕೊಂಡಿದ್ದಾರೆ. ಅವರಿಗೆ ಏನು ಹೇಳುವುದೆಂದು ನನಗೆ ಗೊತ್ತಾಗುತ್ತಿಲ್ಲ.

ಇತಿ,
ಶಬ್ನಾ


ಲಾಯಿಲ
11 ಜನವರಿ 2025

ಮಗಳೇ ಶಬ್ನಾ,

ನಿನ್ನ ಕಾಗದವನ್ನು ಒಂದೂವರೆ ತಿಂಗಳು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಹರಿದು ಬಿಸಾಡಿ ಸುಮ್ಮನಿರುತ್ತಿದ್ದೆ. ನೀನು ಹಾಗೆ ಎಣಿಸಿದ್ದು ನಿನ್ನ ತಪ್ಪಲ್ಲ, ಕಾಲ ಹಾಗುಂಟು. ಆದರೆ ಆ ಒಂದು ಮಾತನ್ನು ನಿನ್ನ ಮನಸ್ಸಿನಲ್ಲಿ ಉಳಿಸಿ ನನಗೆ ಸಾಯಲಿಕ್ಕೆ ಆಗುವುದಿಲ್ಲ. ಬ್ಯಾರಿಗಳ ಮನೆಯಲ್ಲಿ ನನ್ನಷ್ಟು ಉಂಡವ ಈ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಸಂಗತಿ ಅದಲ್ಲ. ಇದ್ದದ್ದನ್ನು ಬರೆಯುತ್ತೇನೆ, ಓದಿದ ಮೇಲೆ ನನ್ನನ್ನು ಏನು ಬೇಕಾದರೂ ಎಣಿಸು.

ಆ ದಿನ ಚಾ ಕುಡಿದದ್ದು ನಿಜ. ಆ ಗ್ಲಾಸಿನಲ್ಲೇ ಎಂದು ಕೇಳಿದ್ದೂ ನಿಜ. ಹೀಗೆ ಮಾಡಿದರೆ ಮನೆಯವರ ಹೆದರಿಕೆ ಹೋಗ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕುಡಿದು, ನಗುತ್ತಾ ಮಾತಾಡಿ, ಮೂಸಬ್ಬರ ಬೆನ್ನು ತಟ್ಟಿ ಹೊರಟೆ. ವಿಟ್ಲ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ನೀರಿನ ನಳ್ಳಿ ಇತ್ತು. ಅಲ್ಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದೆ. ಚೀಲದಲ್ಲಿದ್ದ ಕೈ ತೊಳೆಯುವ ಸಾಬೂನಿನಿಂದ ತುಟಿ, ನಾಲಗೆ ಎಲ್ಲ ತಿಕ್ಕಿದೆ. ನೊರೆ ಗಂಟಲಿಗೆ ಇಳಿಯುವವರೆಗೂ ಬಿಡಲಿಲ್ಲ. ಆಗ ನನಗೆ ಮದುವೆಯಾಗಿ ಒಂದು ವರ್ಷ, ಸೇಸಮ್ಮ ಬಸುರಿ. ಚಾದಿಂದ ರೋಗ ಬರುವುದಿಲ್ಲ ಎಂದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಹೊಟ್ಟೆಯಲ್ಲಿ ಗೊತ್ತಿರಲಿಲ್ಲ. ಮುಂದಿನ ತಿಂಗಳು ಹೋದಾಗಲೂ ಪಾತುಮ್ಮ ಚಾ ತಂದರು. ಕುಡಿದು ಬಂದು ಮತ್ತೆ ತೊಳೆದೆ. ಅವರು ಆ ಗ್ಲಾಸನ್ನು ಇಟ್ಟುಕೊಂಡಿದ್ದಾರೆ ಎಂದು ನೀನು ಬರೆದದ್ದು ಓದಿ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ.

ಇನ್ನೊಂದು. ನನ್ನ ಪರಿಚಯದವ ಎಂದು ಬರೆದಿದ್ದೆನಲ್ಲ, ಅಂಥವ ಯಾರೂ ಇಲ್ಲ. ಕಲೆ ನನ್ನದು. ಎಡಗೈಯ ಮೊಣಕೈ ಹಿಂದೆ, ಎಂಟಾಣೆಯಷ್ಟು ಅಗಲ. ಮೇ ತಿಂಗಳಿನಿಂದ ಉಂಟು. ಕನ್ನಡಿಗೆ ಬೆನ್ನು ಹಾಕಿ ನಿಂತು ಜಾಗ ಗುರುತಿಸಿ, ಆಮೇಲೆ ಕಣ್ಣು ಮುಚ್ಚಿ, ಹತ್ತಿಯಿಂದ ನಾನೇ ಮುಟ್ಟಿ ನೋಡಿದೆ. ಮುಟ್ಟುವ ಕೈ ನನ್ನದೇ ಆದರೆ ಎಲ್ಲಿ ಮುಟ್ಟುತ್ತೇನೆಂದು ಮೊದಲೇ ಗೊತ್ತಾಗುವುದಿಲ್ಲವಾ? ಹಾಗಾಗಿ ಪ್ರತಿ ಸಲವೂ ಗೊತ್ತಾಯಿತು, ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಪಂಡಿತರು ಬುದ್ಧಿವಂತರು.

ಸೇಸಮ್ಮನಿಗೆ ಹೇಳಲಿಲ್ಲ. ಕೆಮ್ಮು ಎಂದು ನೆಪ ಹೇಳಿ ಹೊರಗೆ ಚಾವಡಿಯಲ್ಲಿ ಮಲಗುತ್ತೇನೆ. ಮೊಮ್ಮಗಳು ಹರ್ಷಿತಾಳಿಗೆ ನಾಲ್ಕು ವರ್ಷ, ಎತ್ತಿಕೋ ಎಂದು ಕಾಲಿಗೆ ಸುತ್ತಿಕೊಳ್ಳುತ್ತಾಳೆ. ಬೆನ್ನುನೋವು ಎನ್ನುತ್ತೇನೆ. ಇಂಥ ಒಂದು ಕಲೆಯಿಂದ ಮನೆಯವರು ಹೆದರಬೇಕಾಗಿಲ್ಲ ಎಂದು ನೂರು ಮನೆಯಲ್ಲಿ ಹೇಳಿದ ಬಾಯಿ ಇದೇ. ತಾಲೂಕು ಆಸ್ಪತ್ರೆಯಲ್ಲಿ ನರ್ಸಿನಿಂದ ಹಿಡಿದು ಚೀಟಿ ಬರೆಯುವವನವರೆಗೆ ಎಲ್ಲರಿಗೂ ನನ್ನ ಗುರುತುಂಟು. ಆ ಸಾಲಿನಲ್ಲಿ ನಿಲ್ಲುವುದು ಎಂದು ಎಣಿಸಿದರೆ ನಾಳೆ ಹೋಗುವ ಎಂದು ಕೂತುಬಿಡುತ್ತೇನೆ. ಕುಷ್ಠಕ್ಕೆ ನಾಚಿಕೆಯಲ್ಲ ಮಗಳೇ. ಎಲ್ಲರಿಗೂ ಹೆದರಬೇಡಿ ಎಂದವ ನಾನು, ಒಳಗೆ ಅವರಿಗಿಂತ ಹೆಚ್ಚು ಹೆದರಿದ್ದೆ. ಅವತ್ತು ತೊಳೆದದ್ದಕ್ಕೇ ಈಗ ಬಂತು ಎಂದು ಕೂಡ ಒಮ್ಮೊಮ್ಮೆ ಎಣಿಸುತ್ತದೆ. ಇಷ್ಟು ವರ್ಷ ಕೆಲಸ ಮಾಡಿದವ ಹೀಗೆ ಎಣಿಸುವುದಾ ಎಂದು ನಗಬೇಡ.

ಚಾದ ಕತೆ ಯಾಕೆ ಬೇಡ ಎಂದೆ ಎಂದು ಈಗ ಗೊತ್ತಾಯಿತಲ್ಲ.

ಶೀನಪ್ಪ


ಮೂಡುಬಿದಿರೆ
15 ಜನವರಿ 2025

ಪ್ರೀತಿಯ ಶೀನಪ್ಪಣ್ಣ,

ಮೊದಲು ಕ್ಷಮೆ ಕೇಳುತ್ತೇನೆ. ಆ ಕಾಗದವನ್ನು ಸಿಟ್ಟಿನಲ್ಲಿ ಬರೆದು, ಸಿಟ್ಟಿನಲ್ಲೇ ಡಬ್ಬಿಗೆ ಹಾಕಿದೆ. ಅದಕ್ಕಿಂತ ಮೊದಲಿನ ಕಾಗದದಲ್ಲಿ, ಅಡಗಿ ಕೂತವರ ಮೇಲೆ ಸಿಟ್ಟು ಬಂತು, ನೀವಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಬರೆದವಳೂ ನಾನೇ. ಅದನ್ನು ನೀವು ಹೇಗೆ ಓದಿರಬಹುದೆಂದು ಈಗ ಯೋಚಿಸುತ್ತಿದ್ದೇನೆ.

ನಗಲಿಲ್ಲ. ಪೂರ್ತಿ ಎರಡು ಸಲ ಓದಿದೆ.

ನಾನು ಓದುತ್ತಿರುವ ಆ ಪಂಡಿತರ ಚರ್ಚೆಯಲ್ಲಿ ಒಂದು ದಯೆಯ ಮಾತಿದೆ. ಕಲೆ ಎದ್ದವನು ಮದುಮಗನಾಗಿದ್ದರೆ ಯಾಜಕ ಅವನನ್ನು ಏಳು ದಿನ ನೋಡಬಾರದು, ಮದುವೆಯ ಸಂಭ್ರಮ ಮುಗಿಯಲಿ. ಹಬ್ಬದ ದಿನಗಳಲ್ಲೂ ನೋಡಬಾರದು. ಯಾಜಕ ಹೇಳುವವರೆಗೆ ಯಾರೂ ಅಶುದ್ಧರಲ್ಲ, ಹಾಗಾಗಿ ಸ್ವಲ್ಪ ದಿನ ಮುಂದೆ ಹಾಕಲು ಅವರೂ ಬಿಡುತ್ತಿದ್ದರು. ಆದರೆ ಏಳು ದಿನ, ಶೀನಪ್ಪಣ್ಣ. ನಿಮ್ಮದು ಎಂಟು ತಿಂಗಳಾಯಿತು. ಇಷ್ಟು ದೀರ್ಘ ಮದುವೆ ನಾನು ಎಲ್ಲೂ ಓದಲಿಲ್ಲ. ಕೈಯ ನರ ಹೋದರೆ ಮತ್ತೆ ಬರುವುದಿಲ್ಲವೆಂದು ನನಗೆ ಹೇಳಿಕೊಡಬೇಕಾದವರು ನೀವು. ಮೂಸಬ್ಬಾಕನ ಬೆರಳು ನೀವೇ ನೋಡಿದ್ದೀರಿ.

ಮೂಸಬ್ಬಾಕನಿಗೆ ನಾನು ಏನೂ ಹೇಳಲಿಲ್ಲ, ಹೇಳುವುದೂ ಇಲ್ಲ. ಅದು ನಿಮ್ಮದು. ಅಧ್ಯಾಯವನ್ನು ಕಟ್ಟಿಟ್ಟಿದ್ದೇನೆ, ನೀವು ಹೇಳುವವರೆಗೆ ಬಿಚ್ಚುವುದಿಲ್ಲ. ಪ್ರಬಂಧ ಕೊಡಲು ಇನ್ನೂ ಸಮಯವಿದೆ, ನಿಮ್ಮ ಕೈಗೆ ಸಮಯವಿಲ್ಲ. ಜೊತೆಗೆ ಯಾರಾದರೂ ಬೇಕಾದರೆ ನಾನು ಬೆಳ್ತಂಗಡಿಗೆ ಬರುತ್ತೇನೆ. ಸಾಲಿನಲ್ಲಿ ನಿಮ್ಮ ಪಕ್ಕ ನಿಲ್ಲುತ್ತೇನೆ. ಒಂದು ಕಾರ್ಡು ಹಾಕಿ, ಸಾಕು.

ನಿಮ್ಮ ಮಗಳು,
ಶಬ್ನಾ


ಲಾಯಿಲ
20 ಫೆಬ್ರವರಿ 2025

ಮಗಳೇ ಶಬ್ನಾ,

ನಿನ್ನೆ ಮಾತ್ರೆ ಶುರುವಾಯಿತು. ಆರು ತಿಂಗಳು ತಿನ್ನಬೇಕು. ಡಾಕ್ಟರು ಸಣ್ಣ ಪ್ರಾಯದ ಹುಡುಗಿ, ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನರಕ್ಕೆ ದೊಡ್ಡ ತೊಂದರೆ ಆಗಲಿಲ್ಲವಂತೆ. ಇಷ್ಟು ತಡ ಮಾಡಿದ್ದಕ್ಕೆ ಬೈದಳು, ಸರಿಯಾಗಿ ಬೈದಳು. ಮಾತ್ರೆ ಹೇಗೆ ತಿನ್ನುವುದು ಎಂದು ನನಗೇ ಹೇಳಿಕೊಟ್ಟಳು, ನಾನು ಹೂಂ ಹೂಂ ಎಂದು ಕೇಳಿದೆ. ಮನೆಗೆ ಬಂದು ಸೇಸಮ್ಮನಿಗೆ ಹೇಳಿದರೆ ಅವಳೂ ಬೈದಳು. ಕಲೆಗಲ್ಲ, ಒಂಬತ್ತು ತಿಂಗಳು ಚಾವಡಿಯಲ್ಲಿ ಮಲಗಿದ್ದಕ್ಕೆ. ಬೇರೆ ಯಾರ ಮೇಲಾದರೂ ಮನಸ್ಸಾಗಿದೆ ಎಂದು ಎಣಿಸಿದ್ದಳಂತೆ, ಅರುವತ್ತೆಂಟು ವರ್ಷದ ನನಗೆ. ಹರ್ಷಿತಾ ಈಗ ನನ್ನ ಮೊಣಕಾಲ ಮೇಲೆ ಕೂತಿದ್ದಾಳೆ, ಅಕ್ಷರ ಸೊಟ್ಟ ಬಂದರೆ ಅವಳದೇ ತಪ್ಪು.

ನಿನ್ನನ್ನು ಕರೆಯಲಿಲ್ಲ ಎಂದು ಬೇಜಾರು ಮಾಡಬೇಡ. ಜೊತೆಗೆ ಬಂದವರು ಬೇರೆ ಉಂಟು.

ಹೋದ ವಾರ ಬಸ್ಸು ಹತ್ತಿ ವಿಟ್ಲಕ್ಕೆ ಹೋದೆ. ಆಸ್ಪತ್ರೆಯ ಮೊದಲು ಅಲ್ಲಿಗೆ ಹೋಗಬೇಕು ಎಂದು ಎಣಿಸಿತು. ಬಸ್‌ಸ್ಟ್ಯಾಂಡು ಗುರುತೇ ಸಿಗದ ಹಾಗೆ ಬದಲಾಗಿದೆ. ಮೂಸಬ್ಬರು ಹೊರಗೆ ಬಿಸಿಲಿಗೆ ಕೂತಿದ್ದರು. ಪಾತುಮ್ಮ ಚಾ ತಂದರು. ಕುಡಿಯುವ ಮೊದಲೇ ಎಲ್ಲ ಹೇಳಿದೆ, ವಾಂತಿ ಮಾಡಿದ್ದು, ಸಾಬೂನು, ಎರಡನೆಯ ತಿಂಗಳು, ಎಲ್ಲ. ಅಂಗಿಯ ತೋಳು ಮೇಲೆ ಮಾಡಿ ಕಲೆಯನ್ನೂ ತೋರಿಸಿದೆ. ಪಾತುಮ್ಮ ಬಾಗಿಲಲ್ಲಿ ನಿಂತೇ ಇದ್ದರು. ಅವರ ಮುಖ ನೋಡಲಿಕ್ಕೆ ನನ್ನಿಂದಾಗಲಿಲ್ಲ.

ಮೂಸಬ್ಬರು ಮಡಚಿದ ಬೆರಳಿನ ಕೈಯಿಂದಲೇ ನನ್ನ ಮೊಣಕೈ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನಳ್ಳಿಯ ಸಂಗತಿ ತನಗೆ ಗೊತ್ತಿತ್ತು ಎಂದರು. ಅವತ್ತು ನಾನು ಕೊಡೆ ಬಿಟ್ಟು ಹೋಗಿದ್ದೆನಂತೆ. ಕೊಡಲಿಕ್ಕೆಂದು ಹಿಂದಿನಿಂದ ಓಡಿ ಬಂದವರು ನಳ್ಳಿಯ ಹತ್ತಿರ ನನ್ನನ್ನು ಕಂಡು, ಕೊಡೆಯನ್ನು ಅಲ್ಲೇ ಅಂಗಡಿಯವನ ಹತ್ತಿರ ಕೊಟ್ಟು ವಾಪಸು ಹೋದರು. ಮೂವತ್ತಮೂರು ವರ್ಷ ಯಾರಿಗೂ ಹೇಳಲಿಲ್ಲ, ಪಾತುಮ್ಮನಿಗೂ ಹೇಳಲಿಲ್ಲ. ಆ ದಿನ ಅವರಿಗೆ ಸಾಯುವ ಎಂದು ಎಣಿಸಿತ್ತಂತೆ. ಮುಂದಿನ ತಿಂಗಳು ಇವ ಬರಲಿಕ್ಕಿಲ್ಲ ಎಂದು ಎಣಿಸಿ ಕೂತರೆ ನಾನು ಹೋದೆ, ಚಾ ಕುಡಿದೆ. ಇಷ್ಟು ಹೇಸಿಗೆಯಾಗುವವ ಯಾಕೆ ಮತ್ತೆ ಬಂದು ಕುಡಿಯುತ್ತಾನೆ ಎಂದು ಅವರಿಗೆ ಅರ್ಥವಾಗಲಿಲ್ಲ. ಅಂದಿನಿಂದ ಪ್ರತಿ ತಿಂಗಳೂ ನಾನು ಹೊರಟ ಮೇಲೆ ಮೆಲ್ಲ ಹಿಂದಿನಿಂದ ಬಂದು, ಬಟ್ಟೆ ಅಂಗಡಿಯ ಮೂಲೆಯಲ್ಲಿ ನಿಂತು ನೋಡುತ್ತಿದ್ದರಂತೆ.

ಮುಂದಿನದ್ದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ಮೂರು ತಿಂಗಳು ತೊಳೆದಿರಿ, ಶೀನಪ್ಪಣ್ಣ. ನಾಲ್ಕನೆಯ ತಿಂಗಳು ನಳ್ಳಿಯ ಹತ್ತಿರ ಹೋಗಲೇ ಇಲ್ಲ. ಕಡಲೆ ತಿನ್ನುತ್ತಾ ನೇರ ಬಸ್ಸು ಹತ್ತಿದಿರಿ. ನಾನು ಮನೆಗೆ ಹೋಗಿ ಪಾತುಮ್ಮನಿಗೆ ಹೇಳಿದೆ, ನನಗೆ ಗುಣವಾಯಿತು ಅಂತ. ಇನ್ನೂ ಒಂದೂವರೆ ವರ್ಷದ ಮಾತ್ರೆ ಬಾಕಿ ಇತ್ತು."

ಮಗಳೇ, ಆ ನಾಲ್ಕನೆಯ ತಿಂಗಳು ನನಗೆ ನೆನಪೇ ಇಲ್ಲ. ತೊಳೆದದ್ದು ಇಷ್ಟು ವರ್ಷ ನೆನಪಿತ್ತು, ತೊಳೆಯುವುದು ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ಪ್ರಾಯದವ ಅವರ ಅಂಗಳದಲ್ಲಿ ಕೂತು ಅತ್ತೆ. ಪಾತುಮ್ಮ ಒಳಗೆ ಹೋಗಿ ತಣ್ಣಗಾದ ಚಾವನ್ನು ಬಿಸಿ ಮಾಡಿ ತಂದರು. ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಮೂಸಬ್ಬರು ವಿಟ್ಲದಿಂದ ಬೆಳ್ತಂಗಡಿಗೆ ಬಂದರು. ಆಸ್ಪತ್ರೆಯ ಸಾಲಿನಲ್ಲಿ ಅವರು ಮುಂದೆ, ನಾನು ಹಿಂದೆ ನಿಂತೆವು. ನನ್ನ ಗುರುತಿನವರು ಏನು ಶೀನಪ್ಪಣ್ಣ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ನನಗೆ ಎಂದೆ.

ನಿನ್ನ ಅಧ್ಯಾಯವನ್ನು ಇನ್ನು ಬಿಚ್ಚಬಹುದು. ನನ್ನ ಹೆಸರು ಹಾಕು, ಊರಿನ ಹೆಸರನ್ನೂ ಹಾಕು. ಚಾ ಹಾಕುವುದಾದರೆ ನಳ್ಳಿಯನ್ನೂ ಹಾಕಬೇಕು, ಮೂರು ತಿಂಗಳನ್ನೂ ಬಿಡದೆ ಬರೆ.

ಶೀನಪ್ಪ